ದಿನಾ ಎಂಟೂವರೆಗೆ ಮಳೆ ಅಳೀತೀನಿ: ನನ್ನ ಅನುಭವ

2019ರ ಆಗಸ್ಟ್ ಮೊದಲ ವಾರ ಆಶ್ಲೇಷ ಮಳೆ ಹೊಯ್ದಿದ್ದನ್ನ ನಮ್ಮ ತೀರ್ಥಹಳ್ಳಿ ಕಡೆಯವ್ರು ಯಾರೂ ಮರ್ತಿರಕ್ಕಿಲ್ಲ. ಐದಾರು ದಿನ ಹಗಲು ರಾತ್ರಿ ಅಂತಿಲ್ಲ, ಹಂಚಿನ ಮೇಲೆ ಯಾರೋ ಜಲ್ಲಿ ಸುರೀತಿದಾರೆ ಅನ್ನೋ ಹಾಗೆ ಒಂದೇ ಸದ್ದು, ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ತೋಟಕ್ಕೆ ದಾಟೋ ಸಂಕ ನೀರಲ್ಲಿ ಮುಳುಗಿತ್ತು. ಸ್ವಲ್ಪ ಹೊಳವಾದ ಮೇಲೆ ತೋಟಕ್ಕೆ ಇಳಿದ್ರೆ ಮರದ ಬುಡದ ತುಂಬ ಹಸಿ ಅಡಿಕೆ ಉದುರಿ ಬಿದ್ದಿದೆ, ಕಾಲಿಡೋಕೆ ಜಾಗ ಇಲ್ಲ. ಕೈಗೆತ್ತಿಕೊಂಡ್ರೆ ತೊಟ್ಟಿನ ಹತ್ರ ನೀರು ಕಟ್ಟಿದ ಹಾಗೆ ಕಡುಹಸಿರು ಕಲೆ, ಅದ್ರ ಮೇಲೆ ಬಿಳಿ ಬೂಷ್ಟು. ಕೊಳೆರೋಗ. ಎರಡು ಸಲ ಔಷಧಿ ಹೊಡೆಸಿದ್ವಿ, ಆದ್ರೂ ಬಂತು. ಎರಡೂಕಾಲು ಎಕರೆಯಲ್ಲಿ ಹದಿನೆಂಟು ಕ್ವಿಂಟಾಲ್ ಆಗ್ತಿದ್ದ ತೋಟದಲ್ಲಿ ಆ ವರ್ಷ ಆಗಿದ್ದು ಏಳು. ನವೆಂಬರಲ್ಲಿ ಮಾವ ತೀರ್ಕೊಂಡ್ರು. ಆ ಕಾರ್ಯ ಎಲ್ಲ ಮುಗ್ಸಿ ಸ್ವಲ್ಪ ಉಸಿರು ಬಿಡೋಣ ಅನ್ನೋ ಹೊತ್ತಿಗೆ ಲಾಕ್‌ಡೌನ್.

ಸಾಲ, ಬೆಳೆ ಹೋಗಿದ್ದು, ಸಾವು ಇದೆಲ್ಲ ಎಲ್ರ ಮನೇಲೂ ಇರತ್ತೆ, ನಾನೇನು ಮೊದಲನೆಯವಳಲ್ಲ. ಆದ್ರೆ ನನಗೆ ಆಗಿದ್ದು ಎಂತ ಅಂದ್ರೆ ನಿದ್ದೆ ಹೋಯ್ತು. ಹತ್ತು ಗಂಟೆಗೆ ಮಲಗಿದ್ರೆ ಸರಿಯಾಗಿ ಮೂರಕ್ಕೆ ಎಚ್ಚರ, ಆಮೇಲೆ ಬೆಳಗಿನ ತನಕ ಸೂರು ನೋಡ್ತಾ ಮಲಗಿರೋದು, ಸೊಸೈಟಿ ಸಾಲ, ಮಗನ ಫೀಸು, ಮಾವನ ಕೊನೆ ದಿನ ನಾನು ಅವ್ರ ಹತ್ರ ಸಿಡುಕಿದ್ದು, ಎಲ್ಲ ಒಂದರ ಹಿಂದೊಂದು. ಊಟ ಸೇರ್ತಿರಲಿಲ್ಲ. ನಮ್ಮನೆಯವ್ರು ಏನಾದ್ರೂ ಕೇಳಿದ್ರೆ ಮೈಮೇಲೆ ಹೋಗ್ತಿದ್ದೆ, ಆಮೇಲೆ ಬಚ್ಚಲುಮನೇಲಿ ಒಬ್ಬಳೇ ಕೂತು ಅಳೋದು. 2020ರ ಜೂನಲ್ಲಿ ಮೃಗಶಿರ ಮಳೆ ಶುರುವಾದ ರಾತ್ರಿ ಹಂಚಿನ ಮೇಲೆ ಮೊದಲ ಸದ್ದು ಬಿದ್ದ ಕೂಡ್ಲೇ ಎದೆ ಹೊಡ್ಕೊಳ್ಳೋಕೆ ಶುರುವಾಯ್ತು, ಕೈ ತಣ್ಣಗಾಯ್ತು. ಮಲೆನಾಡಲ್ಲಿ ಹುಟ್ಟಿ ಮಲೆನಾಡಿಗೇ ಮದುವೆಯಾಗಿ ಬಂದವಳು ನಾನು, ಮಳೆ ಸದ್ದಿಗೆ ನಿದ್ದೆ ಮಾಡ್ತಿದ್ದವಳು. ಈಗ ಅದೇ ಸದ್ದಿಗೆ ಹೆದ್ರಿಕೆ. ನಾಲ್ಕು ತಿಂಗಳ ಮಳೆಗಾಲ ಹೀಗೇ ಆದ್ರೆ ನಾನು ಉಳಿಯಲ್ಲ ಅನ್ನಿಸ್ತು.

ಅದಕ್ಕೂ ಮುಂಚೆ ನಾನು ಸುಮ್ನೆ ಕೂತಿರಲಿಲ್ಲ. ಲಾಕ್‌ಡೌನಲ್ಲಿ ಎಲ್ರ ಹಾಗೆ ಮೊಬೈಲಲ್ಲಿ ವಿಡಿಯೋ ನೋಡಿ ನೋಡಿ ಒಂದು ದೊಡ್ಡ ಪಟ್ಟಿ ಮಾಡಿದ್ದೆ. ಐದಕ್ಕೆ ಏಳ್ಬೇಕು, ನಲವತ್ತು ನಿಮಿಷ ಯೋಗ, ಹತ್ತು ಸಾವಿರ ಹೆಜ್ಜೆ, ಧ್ಯಾನ, ರಾತ್ರಿ ಮಲಗೋ ಮುಂಚೆ ಬದುಕಲ್ಲಿ ಒಳ್ಳೇದಾಗಿದ್ದು ಐದು ಬರೀಬೇಕು. ಹನ್ನೊಂದು ದಿನ ಮಾಡ್ದೆ. ಹನ್ನೆರಡನೇ ದಿನ ಅತ್ತೆಗೆ ಜ್ವರ, ಹಸು ಕರು ಹಾಕ್ತು, ಎಲ್ಲ ಬಿಟ್ಟುಹೋಯ್ತು. ಬಿಟ್ಟಿದ್ದಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು ‘ಇದೂ ನನ್ನ ಕೈಲಿ ಆಗ್ಲಿಲ್ಲ’ ಅನ್ನೋದು. ಆ ಹತ್ತು ಸಾವಿರ ಹೆಜ್ಜೆ ಲೆಕ್ಕ 1965ರಲ್ಲಿ ಜಪಾನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸೋ ಯಂತ್ರದ ಹೆಸರಿಂದ ಹರಡಿದ್ದು, ಯಾವ ಡಾಕ್ಟ್ರೂ ಬರೆದುಕೊಟ್ಟಿದ್ದಲ್ಲ ಅಂತ ಗೊತ್ತಾಗಿದ್ದು ಬಹಳ ಆಮೇಲೆ. ಕೊಟ್ಟಿಗೆ, ಅಡಿಗೆಮನೆ, ತೋಟ ಅಂತ ದಿನಪೂರ್ತಿ ಓಡಾಡೋ ನಾನು ಸಂಜೆ ಮೊಬೈಲ್ ನೋಡಿ ಆರು ಸಾವಿರ ಅಂತಿದ್ರೆ ಬೇಜಾರು ಮಾಡ್ಕೊಳ್ತಿದ್ದೆ.

ನಮ್ಮನೆಯವ್ರೇ ನನ್ನನ್ನ ತಾಲೂಕು ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಮನೋಚೈತನ್ಯ ಅಂತ ಒಂದು ಕಾರ್ಯಕ್ರಮ ಇದೆ, ಮಂಗಳವಾರದ ಹೊತ್ತು ತಾಲೂಕು ಆಸ್ಪತ್ರೆಗೇ ಮನೋವೈದ್ಯರು ಬರ್ತಾರೆ. ಹೊರಗಡೆ ಬೆಂಚಲ್ಲಿ ಕೂತಾಗ ಯಾರಾದ್ರೂ ಗುರ್ತಿನವ್ರು ನೋಡ್ತಾರೇನೋ ಅಂತ ಸೆರಗು ಮುಖಕ್ಕೆ ಎಳ್ಕೊಂಡಿದ್ದೆ. ನೋಡಿದ್ರೆ ಪಕ್ಕದ ಬೆಂಚಲ್ಲೇ ನಮ್ಮೂರಿನ ಇಬ್ರು ಇದ್ರು. ಡಾಕ್ಟ್ರು ಮಾತ್ರೆ ಬರೆದ್ರು, ಎಂಟು ತಿಂಗಳು ತಗೊಂಡೆ, ಅದನ್ನ ಮುಚ್ಚಿಡೋ ಅಂಥದ್ದೇನಿಲ್ಲ. ನಾನು ಮುಂದೆ ಹೇಳೋದೆಲ್ಲ ಆ ಮಾತ್ರೆ ಜೊತೆಗೆ ಆಗಿದ್ದು, ಮಾತ್ರೆ ಬದ್ಲಿಗಲ್ಲ, ದಯವಿಟ್ಟು ಇದನ್ನ ಮನಸ್ಸಲ್ಲಿಟ್ಟುಕೊಂಡು ಓದಿ. ಕೊನೇಲಿ ಡಾಕ್ಟ್ರು ಒಂದು ಪ್ರಶ್ನೆ ಕೇಳಿದ್ರು. “ಎಂಥದೇ ಕೆಟ್ಟ ದಿನ ಆದ್ರೂ ನಿಮ್ಮ ಕೈಲಿ ಮಾಡೋಕಾಗೋ ಅಂಥದ್ದು, ಎರಡು ನಿಮಿಷದ ಕೆಲಸ, ಒಂದು ಹೇಳಿ ನೋಡೋಣಮ್ಮಾ. ಅದನ್ನ ದಿನಾ ಒಂದೇ ಹೊತ್ತಿಗೆ ಮಾಡಿ, ಮುಂದಿನ ಸಲ ಬಂದಾಗ ಮಾಡಿದ್ರೋ ಇಲ್ವೋ ಅಷ್ಟೇ ಹೇಳಿ.” ನನಗೆ ಒಂದೂ ಹೊಳೀಲಿಲ್ಲ. ಮನೆಗೆ ಬರೋ ದಾರಿಪೂರ್ತಿ ಯೋಚನೆ ಮಾಡಿದ್ರೂ ಹೊಳೀಲಿಲ್ಲ.

ಅದಾಗಿ ನಾಲ್ಕೈದು ದಿನಕ್ಕೆ ಮಾವನ ಪೆಟ್ಟಿಗೆ ತೆಗೀಬೇಕಾಗಿ ಬಂತು, ಯಾವುದೋ ಪಹಣಿ ಹುಡುಕೋಕೆ. ಅದ್ರಲ್ಲಿ ಅವ್ರ ಮಳೆ ಪುಸ್ತಕಗಳು. ಮಾವ 1986ರಿಂದ ದಿನಾ ಮಳೆ ಅಳೆದು ಬರೀತಿದ್ರು, ನಮ್ಮ ಕಡೆ ಹಳೇ ತಲೆಮಾರಿನ ಅಡಿಕೆ ಬೆಳೆಗಾರರಲ್ಲಿ ಇದೊಂದು ಅಭ್ಯಾಸ ಇದೆ, ನೀವು ಸುಮಾರು ಮನೆ ಅಂಗಳದಲ್ಲಿ ಕಂಬಕ್ಕೆ ಕಟ್ಟಿದ ಮಳೆಮಾಪಕ ನೋಡ್ಬಹುದು. ಬೆಳಿಗ್ಗೆ ಎಂಟೂವರೆಗೆ ಅಳೀಬೇಕು ಅಂತ ಲೆಕ್ಕ, ಹವಾಮಾನ ಇಲಾಖೆಯವ್ರೂ ಅದೇ ಹೊತ್ತಿಗೆ ಅಳೆಯೋದು, ಹಾಗಾಗಿ ಹಿಂದಿನ ದಿನ ಎಂಟೂವರೆಯಿಂದ ಇವತ್ತು ಎಂಟೂವರೆ ತನಕದ್ದು ಒಂದು ದಿನದ ಮಳೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ನೋಡ್ತಿದ್ದೆ, ಬೇಸಗೇಲಿ ಫೆಬ್ರವರಿ ಮಾರ್ಚಲ್ಲೂ ಮಾವ ಅಂಗಳಕ್ಕೆ ಹೋಗಿ ಡಬ್ಬಿ ಎತ್ತಿ ನೋಡಿ ಒಳಗೆ ಬಂದು ‘0’ ಅಂತ ಬರೀತಿದ್ರು. ಒಂದಿನ ಕೇಳಿದ್ದೆ, ಮಳೆನೇ ಇಲ್ಲವಲ್ಲ ಮಾವ, ಎಂತಕ್ಕೆ ದಿನಾ ನೋಡೋದು ಅಂತ. “ಇಲ್ಲ ಅನ್ನೋದನ್ನೂ ನೋಡಿಯೇ ಬರೀಬೇಕು ಕಣೇ, ಬರೀದೇ ಬಿಟ್ರೆ ಮಳೆ ಇರ್ಲಿಲ್ವೋ ನಾನು ನೋಡ್ಲಿಲ್ವೋ ಹೇಗೆ ಗೊತ್ತಾಗತ್ತೆ” ಅಂದಿದ್ರು.

ಪಹಣಿ ಅಲ್ಲೇ ಬಿಟ್ಟು ನೆಲದ ಮೇಲೆ ಕೂತು ಆ ಪುಸ್ತಕ ತಿರುವ್ದೆ. 1994ರ ಜುಲೈ ಪುಟದಲ್ಲಿ ಮಿಲಿಮೀಟರ್ ಲೆಕ್ಕದ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ರು: ‘ಕೊಳೆ. ಅರ್ಧಕ್ಕಿಂತ ಹೆಚ್ಚು ಹೋಯಿತು.’ ಅಷ್ಟೇ. ಮಾರನೇ ದಿನದ ಸಾಲಲ್ಲಿ 41. ಅದರ ಮಾರನೇ ದಿನ 67. ಅವ್ರ ಅಮ್ಮ ತೀರ್ಕೊಂಡ ದಿನ ನನಗೆ ಗೊತ್ತಿತ್ತು, ತಿಥಿ ಮಾಡ್ತೀವಲ್ಲ, ಅದನ್ನ ಹುಡುಕಿ ನೋಡ್ದೆ. ಅವತ್ತೂ ಬರೆದಿದ್ರು, ಅಕ್ಷರ ಸ್ವಲ್ಪ ಸೊಟ್ಟ, 12. ಕೊನೇ ಪುಸ್ತಕದಲ್ಲಿ 2019ರ ಅಕ್ಟೋಬರ್ ಹದಿನೇಳಕ್ಕೆ ನಿಂತುಹೋಗಿತ್ತು, ಆಮೇಲೆ ಖಾಲಿ ಗೆರೆ. ನನಗೆ ಆ ಖಾಲಿ ಗೆರೆ ನೋಡೋಕಾಗ್ಲಿಲ್ಲ. ಮೂವತ್ತಮೂರು ವರ್ಷದಲ್ಲಿ ಅವ್ರಿಗೆ ಎಷ್ಟು ಸಲ ಬೆಳೆ ಹೋಗಿದೆ, ಎಷ್ಟು ಸಲ ರೇಟು ಬಿದ್ದಿದೆ, ಎಲ್ಲದರ ಮಾರನೇ ದಿನ ಒಂದು ಸಂಖ್ಯೆ ಇದೆ. ನಾನು ಅದೇ ಪುಸ್ತಕದಲ್ಲಿ, ಖಾಲಿ ಗೆರೆ ಖಾಲಿಯೇ ಬಿಟ್ಟು, 2020ರ ಜೂನ್ 23 ಅಂತ ಬರೆದೆ. ಆರಿದ್ರಾ ಮಳೆ ಹಿಡಿದಿತ್ತು. ಆದ್ರೆ ಅಳೆಯೋ ಗಾಜಿನ ಜಾಡಿ ಹಿಂದಿನ ವರ್ಷವೇ ಒಡೆದುಹೋಗಿತ್ತು, ಅಂಗಡಿ ಎಲ್ಲ ಅರ್ಧ ಮುಚ್ಚಿದ ಕಾಲ.

ಮಾಪಕ ಇಲ್ಲದಿದ್ರೂ ಮಳೆ ಅಳೀಬಹುದು ಅಂತ ಆವಾಗ್ಲೇ ಕಲ್ತಿದ್ದು. ಬಾಯಿ ಬುಡ ಒಂದೇ ಅಗಲ ಇರೋ, ಗೋಡೆ ನೆಟ್ಟಗಿರೋ ಯಾವ ಪಾತ್ರೆ ಆದ್ರೂ ಆಗತ್ತೆ, ಅದು ಸಣ್ಣದಿರ್ಲಿ ದೊಡ್ಡದಿರ್ಲಿ ಒಳಗೆ ನಿಂತ ನೀರಿನ ಆಳ ಒಂದೇ. ನಾನು ಇಟ್ಟಿದ್ದು ಕಾಫಿಪುಡಿ ಹಾಕೋ ಸ್ಟೀಲ್ ಡಬ್ಬ. ಮರ, ಸೂರು ಅಡ್ಡ ಇಲ್ಲದ ಕಡೆ ಕಂಬದ ಮೇಲೆ ಕೂರಿಸಿ, ಬೆಳಿಗ್ಗೆ ಮಗನ ಜಾಮಿಟ್ರಿ ಬಾಕ್ಸಿನ ಸ್ಕೇಲ್ ನೆಟ್ಟಗೆ ಇಳಿಸಿ ನೋಡೋದು. ಸ್ಕೇಲ್ ತುದೀಲಿ ಸೊನ್ನೆಗೆ ಮುಂಚೆ ಸ್ವಲ್ಪ ಖಾಲಿ ಜಾಗ ಇರತ್ತೆ ನೋಡಿ, ಅದನ್ನೂ ಸೇರಿಸ್ಕೋಬೇಕು, ಇಲ್ಲಾಂದ್ರೆ ದಿನಾ ಮೂರ್ನಾಲ್ಕು ಮಿ.ಮೀ. ಕಮ್ಮಿ ಬರತ್ತೆ. ನಾನು ಮೊದಲ ವಾರ ಹಾಗೇ ತಪ್ಪು ಬರ್ದೆ, ಆಮೇಲೆ ತಿದ್ದಿದೆ. ಮೊದಲ ದಿನ 58. ಬೆಳಿಗ್ಗೆ ತಿಂಡಿ ಲೋಟ ತೊಳೆದಿಟ್ಟ ಕೂಡ್ಲೇ ಅಂಗಳಕ್ಕೆ ಹೋಗೋದು ಅಂತ ಇಟ್ಕೊಂಡೆ, ಯಾಕಂದ್ರೆ ಗಡಿಯಾರ ಮರೆತುಹೋಗತ್ತೆ, ತಿಂಡಿ ಮರೆಯಲ್ಲ.

ಹತ್ತು ಹನ್ನೆರಡು ದಿನ ಆಗಿರಬೇಕು, ಮೂರು ಗಂಟೆಗೆ ಎಂದಿನ ಹಾಗೆ ಎಚ್ಚರ ಆಯ್ತು, ಹಂಚಿನ ಮೇಲೆ ಮಳೆ ಹೊಯ್ತಾ ಇದೆ, ಎದೆ ಹೊಡ್ಕೊಳ್ಳೋಕೆ ಶುರು. ಅಷ್ಟರಲ್ಲಿ ಒಂದು ಯೋಚನೆ ಬಂತು, ಇದು ಎಷ್ಟಿರಬಹುದು ಬೆಳಿಗ್ಗೆ ಹೊತ್ತಿಗೆ? ಎಂಬತ್ತು? ಸದ್ದು ಕೇಳಿಸ್ಕೊಂಡೆ, ಸೂರಿಂದ ಬೀಳೋ ಧಾರೆ ಅಂಗಳದ ಕಲ್ಲಿಗೆ ಬಡಿಯೋ ಸದ್ದು ಬೇರೆ, ಬಾಳೆ ಎಲೆ ಮೇಲೆ ಬೀಳೋದು ಬೇರೆ, ಗಾಳಿ ಇದೆಯಾ ಇಲ್ವಾ ಅಂತ ನೋಡ್ಕೊಂಡೆ, ಎಂಬತ್ತು ಇಲ್ಲ, ಅರವತ್ತೈದು ಅಂತ ತೀರ್ಮಾನ ಮಾಡ್ದೆ. ಹಾಗೇ ನಿದ್ದೆ ಹತ್ತಿಬಿಡ್ತು. ಬೆಳಿಗ್ಗೆ ಅಳೆದ್ರೆ 49. ಅಷ್ಟು ದೊಡ್ಡದಾಗಿ ಕೇಳಿಸಿದ್ದು ಬರೀ 49! ಅವತ್ತಿಂದ ರಾತ್ರಿ ಎಚ್ಚರ ಆದಾಗೆಲ್ಲ ಅಂದಾಜು ಮಾಡೋದು ಅಭ್ಯಾಸ ಆಯ್ತು, ಬೆಳಿಗ್ಗೆ ಪುಸ್ತಕದಲ್ಲಿ ನನ್ನ ಅಂದಾಜು ಒಂದು ಕಡೆ, ನಿಜವಾಗಿ ಆಗಿದ್ದು ಒಂದು ಕಡೆ. ಮೊದಮೊದಲು ನನ್ನ ಅಂದಾಜು ಯಾವಾಗ್ಲೂ ಜಾಸ್ತಿ ಇರ್ತಿತ್ತು, ಒಂದೊಂದು ಸಲ ಎರಡರಷ್ಟು. ಹೆದ್ರಿಕೆ ಹೇಗೆ ಲೆಕ್ಕ ಹಾಕತ್ತೆ ಅಂತ ನನ್ನ ಕಣ್ಣಾರೆ ಅಂಕಿಯಲ್ಲೇ ನೋಡ್ದೆ. ಸೆಪ್ಟೆಂಬರ್ ಹೊತ್ತಿಗೆ ಹೆಚ್ಚುಕಮ್ಮಿ ಹತ್ತರೊಳಗೆ ಸರಿ ಬರೋಕೆ ಶುರುವಾಯ್ತು. ಮಳೆಯೇನು ಕಮ್ಮಿ ಆಗಿರ್ಲಿಲ್ಲ, ನಾನು ಅದನ್ನ ಕೇಳಿಸ್ಕೊಳ್ಳೋ ರೀತಿ ಬದಲಾಗಿತ್ತು.

ನನ್ನ ತಮ್ಮನ ಮಗಳು ಸೈಕಾಲಜಿ ಓದ್ತಾಳೆ, ದಸರಾ ರಜಕ್ಕೆ ಬಂದಾಗ ಪುಸ್ತಕ ನೋಡಿ ಬಹಳ ಖುಷಿಪಟ್ಲು. ಅವ್ಳು ಹೇಳಿದ್ದು, ಲಂಡನ್ನಿನ ಯೂನಿವರ್ಸಿಟಿ ಕಾಲೇಜಲ್ಲಿ 96 ಜನರ ಮೇಲೆ ಒಂದು ಅಧ್ಯಯನ ಮಾಡಿದಾರಂತೆ, 2010ರಲ್ಲಿ ಅಚ್ಚಾಗಿದ್ದು, ಒಂದು ಹೊಸ ಅಭ್ಯಾಸ ಯೋಚನೆ ಮಾಡ್ದೇ ತಾನಾಗೇ ಆಗೋ ಹಂತಕ್ಕೆ ಬರೋಕೆ ಸರಾಸರಿ 66 ದಿನ ಬೇಕಾಯ್ತಂತೆ, ಆದ್ರೆ ಕೆಲವ್ರಿಗೆ 18 ದಿನ ಸಾಕಾದ್ರೆ ಇನ್ನು ಕೆಲವ್ರಿಗೆ 254 ದಿನ ತನಕ ಹೋಗತ್ತೆ ಅಂತ ಲೆಕ್ಕ ಬಂತಂತೆ. ಇಪ್ಪತ್ತೊಂದು ದಿನ ಅಂತ ವಿಡಿಯೋದಲ್ಲಿ ಹೇಳ್ತಾರಲ್ಲ, ಅದನ್ನ ನಂಬಿ ಇಪ್ಪತ್ತೆರಡನೇ ದಿನ ಸೋತೆ ಅಂದ್ಕೊಂಡವ್ರು ಎಷ್ಟು ಜನ ಇರ್ಬೇಕು. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತು ನನಗೆ ಬಹಳ ಸಮಾಧಾನ ಕೊಡ್ತು, ಮಧ್ಯೆ ಒಂದು ದಿನ ತಪ್ಪಿದ್ರೆ ಏನೂ ದೊಡ್ಡ ನಷ್ಟ ಆಗಲ್ಲ ಅಂತ. ನನ್ನ ಪುಸ್ತಕದಲ್ಲಿ ಆ ನಾಲ್ಕು ತಿಂಗಳಲ್ಲಿ ಏಳು ದಿನ ತಪ್ಪಿದೆ. ತಪ್ಪಿದ ದಿನ ಎರಡು ದಿನದ್ದು ಸೇರಿಸಿ ಅಳೆದು, ‘2 ದಿನದ್ದು’ ಅಂತ ಬರ್ದಿದೀನಿ. ಮಾವನೂ ಹಾಗೇ ಮಾಡ್ತಿದ್ರು, ನೆಂಟರ ಮನೆಗೆ ಹೋದಾಗ.

ಒಂದು ಗಟ್ಟಿಯಾದ ಮೇಲೆ ಅದಕ್ಕೆ ಅಂಟಿಕೊಂಡು ಇನ್ನೊಂದು ಬಂತು, ನಾನಾಗಿ ಕೂತು ಪ್ಲಾನ್ ಮಾಡಿದ್ದೇನಲ್ಲ. ಮಳೆ ಬರೆದಾದ ಮೇಲೆ ಅಲ್ಲಿಂದ ಹಾಗೇ ತೋಟಕ್ಕೆ ಒಂದು ಸುತ್ತು. ಕೈಯಲ್ಲಿ ಕತ್ತಿ ಇಲ್ಲ, ಮೊಬೈಲಿಲ್ಲ, ಕೆಲಸ ಮಾಡೋಕಲ್ಲ, ಬರೀ ನೋಡೋಕೆ. ಕತ್ತಿ ಇದ್ರೆ ಅಲ್ಲೇ ಒಂದು ಕಳೆ ಸವರೋಣ ಅಂತ ನಿಂತುಬಿಡ್ತೀನಿ, ಅದಕ್ಕೆ ಬೇಡ. ಹದಿನೈದು ಇಪ್ಪತ್ತು ನಿಮಿಷ. ಇದ್ರಿಂದ ಮನಸ್ಸಿಗೆ ಆಗಿದ್ದು ಒಂದಾದ್ರೆ ತೋಟಕ್ಕೂ ಆಯ್ತು, 2021ರಲ್ಲಿ ಕೆಳಗಿನ ತಳಿಯಲ್ಲಿ, ಅಂದ್ರೆ ತೋಟದ ಕೆಳಗಿನ ತುಂಡಲ್ಲಿ, ಮೂರೇ ಮೂರು ಮರದ ಬುಡದಲ್ಲಿ ಉದುರಿದ ಕಾಯಿ ನೋಡಿ, ತೊಟ್ಟಿನ ಕಲೆ ನೋಡಿ, ಅದೇ ಮಧ್ಯಾಹ್ನ ಹೊಳವಾದಾಗ ಅಡಿಕೆ ಮರ ಹತ್ತೋ ಕೊನೆಗಾರನ್ನ ಕರೆಸಿ ಔಷಧಿ ಹೊಡೆಸಿದ್ವಿ. ಆ ಸಲ ಕೊಳೆ ಆ ತಳಿ ದಾಟಿ ಬರ್ಲಿಲ್ಲ.

ಔಷಧಿ ಕಲೆಸೋದು ಈಗ ನನ್ನ ಕೆಲಸವೇ. ಒಂದು ಕೆಜಿ ಮೈಲುತುತ್ತ ಐವತ್ತು ಲೀಟರ್ ನೀರಲ್ಲಿ, ಒಂದು ಕೆಜಿ ಸುಣ್ಣ ಇನ್ನೊಂದು ಡ್ರಮ್ಮಿನ ಐವತ್ತು ಲೀಟರಲ್ಲಿ, ಆಮೇಲೆ ತುತ್ತದ ನೀರನ್ನ ಸುಣ್ಣದ ನೀರಿಗೆ ನಿಧಾನಕ್ಕೆ ಹೊಯ್ತಾ ಕೋಲಲ್ಲಿ ತಿರುಗಿಸ್ತಾ ಇರ್ಬೇಕು, ಆಕಾಶದ ಬಣ್ಣ ಬರತ್ತೆ. ಸರಿಯಾಯ್ತಾ ಅಂತ ನೋಡೋಕೆ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ತೆಗೆಯೋದು. ಚಾಕುವಿಗೆ ಕೆಂಪು ತಾಮ್ರದ ಬಣ್ಣ ಹತ್ತಿದ್ರೆ ಹುಳಿ ಜಾಸ್ತಿ ಇದೆ ಅಂತ, ಹಾಗೇ ಹೊಡೆದ್ರೆ ಹಿಂಗಾರ (ಅಡಿಕೆ ಹೂಗೊಂಚಲು) ಸುಟ್ಟುಹೋಗತ್ತೆ, ಇನ್ನೊಂದು ಸ್ವಲ್ಪ ಸುಣ್ಣ ಹಾಕಿ ಮತ್ತೆ ಅದ್ದಿ ನೋಡ್ಬೇಕು. ಚಾಕು ಬೆಳ್ಳಗೇ ಬಂದ್ರೆ ಸರಿ. ಅವತ್ತು ಕಲೆಸಿದ್ದು ಅವತ್ತೇ ಮುಗೀಬೇಕು, ನಾಳೆಗೆ ಇಡೋ ಹಾಗಿಲ್ಲ. 2019ರಲ್ಲಿ ಇದನ್ನೆಲ್ಲ ಬೇರೆಯವ್ರ ಕೈಗೆ ಬಿಟ್ಟು ನಾನು ಒಳಗಡೆ ಕೂತು ಚಿಂತೆ ಮಾಡ್ತಿದ್ದೆ. ಚಿಂತೆ ಮಾಡೋ ವಿಷಯದ ಒಂದು ಚೂರನ್ನಾದ್ರೂ ಕೈಯಾರೆ ಮುಟ್ಟಿದ್ರೆ ಅದ್ರ ಭಾರ ಇಳಿಯತ್ತೆ, ಇದು ನನಗೆ ಪಕ್ಕಾ ಗೊತ್ತಾಗಿದ್ದು ಆ ಡ್ರಮ್ಮಿನ ಹತ್ರ ನಿಂತಾಗ.

ಉಸಿರಾಟದ್ದು ಒಂದು ಹೇಳ್ಬೇಕು. ವಿಡಿಯೋ ನೋಡಿ ಕಣ್ಣುಮುಚ್ಚಿ ಪ್ರಾಣಾಯಾಮಕ್ಕೆ ಕೂತ್ರೆ ನನಗೆ ತಲೆಯಲ್ಲಿ ಸಾಲವೇ ಓಡ್ತಿತ್ತು. ಆದ್ರೆ ಬೆಳಿಗ್ಗೆ ಬಚ್ಚಲ ಒಲೆಗೆ ಬೆಂಕಿ ಹಾಕ್ತೀನಲ್ಲ, ಮಳೆಗಾಲದಲ್ಲಿ ಸೌದೆ ಥಂಡಿ ಹಿಡಿದಿರತ್ತೆ, ಊದುಕೊಳವೆಯಲ್ಲಿ ಊದೀ ಊದೀ ಹೊತ್ತಿಸ್ಬೇಕು. ಒಂದಿನ ಗಮನಿಸ್ದೆ, ಬೆಂಕಿ ಹೊತ್ತೋ ಹೊತ್ತಿಗೆ ನಾನು ತಣ್ಣಗಾಗಿರ್ತೀನಿ. ಡಾಕ್ಟ್ರನ್ನ ಕೇಳಿದ್ದಕ್ಕೆ, ಉಸಿರು ತಗೊಳ್ಳೋದಕ್ಕಿಂತ ಬಿಡೋದು ಉದ್ದ ಆದ್ರೆ ಎದೆಬಡಿತ ನಿಧಾನ ಆಗತ್ತೆ, ಕೊಳವೆಯಲ್ಲಿ ಊದುವಾಗ ಅದೇ ಆಗೋದು ಅಂದ್ರು. ಜೋರಾಗಿ ಫೂ ಫೂ ಅಂತ ಊದಿದ್ರೆ ತಲೆ ತಿರುಗತ್ತೆ, ಬೂದಿಯೂ ಹಾರತ್ತೆ, ಸಣ್ಣಕೆ ಉದ್ದಕೆ ಊದಿದ್ರೆ ಕೆಂಡ ತಾನಾಗೇ ಕೆಂಪಾಗ್ತಾ ಬರತ್ತೆ. ಈಗ ಸೋಲಾರ್ ಬಿಸಿನೀರು ಹಾಕ್ಸೋಣ ಅಂತ ಮಗ ಹೇಳ್ತಿದಾನೆ, ನಾನು ಒಪ್ಪಿಲ್ಲ.

ರಾತ್ರಿ ಮೊಬೈಲ್ ಅಡಿಗೆಮನೇಲಿ ಚಾರ್ಜಿಗೆ, ಮಲಗೋ ಕೋಣೆಗೆ ಇಲ್ಲ. ಅಡಿಕೆ ಧಾರಣೆ ಗ್ರೂಪ್ ಮಧ್ಯಾಹ್ನ ಊಟ ಆದ ಮೇಲೆ ಒಂದು ಸಲ, ರಾಶಿ ಎಷ್ಟು, ಬೆಟ್ಟೆ ಎಷ್ಟು ಅಂತ ನೋಡಿ ಇಟ್ಟುಬಿಡೋದು, ಮೊದ್ಲು ಗಂಟೆಗೆ ನಾಲ್ಕು ಸಲ ನೋಡ್ತಿದ್ದೆ, ಮಾರೋಕೆ ಮನೇಲಿ ಅಡಿಕೆಯೇ ಇಲ್ಲದಾಗ್ಲೂ. ಸಂಜೆ ದೀಪ ಹಚ್ಚಿದ ಮೇಲೆ ಮಳೆ ಪುಸ್ತಕದ ಹಿಂದಿನ ಪುಟದಲ್ಲಿ ತಲೇಲಿ ಓಡ್ತಿರೋ ಚಿಂತೆ ಬರೀತೀನಿ, ಮೂರು ಸಾಲು, ಪಕ್ಕದಲ್ಲಿ ನಾಳೆ ಅದ್ರ ಬಗ್ಗೆ ಮಾಡಬಹುದಾದ ಒಂದು ಕೆಲಸ. ‘ಸೊಸೈಟಿ ಬಡ್ಡಿ – ಬೆಳಿಗ್ಗೆ ಫೋನ್ ಮಾಡಿ ಕಂತು ಕೇಳು.’ ಮಾಡೋಕೆ ಏನೂ ಇಲ್ಲದ ಚಿಂತೆ ಆದ್ರೆ ‘ಏನಿಲ್ಲ’ ಅಂತ ಬರೀತೀನಿ. ಮೂರು ಗಂಟೆಗೆ ಅದೇ ಚಿಂತೆ ಎದ್ರೆ, ಬರೆದಾಗಿದೆ ಅಂತ ಹೇಳ್ಕೊಂಡು ಮಗ್ಗುಲಾಗೋದು. ಪ್ರತಿ ಸಲ ಆಗಲ್ಲ, ಬಹಳ ಸಲ ಆಗತ್ತೆ. ಇನ್ನು ಐದು ಗಂಟೆಗೆ ಪಕ್ಕದ್ಮನೆ ಅತ್ತಿಗೆ, ಅವ್ರೂ ನನ್ನ ಹಾಗೇ ತೋಟದವ್ರು, ಒಂದಿನ ಅವ್ರ ಜಗಲಿ, ಒಂದಿನ ನಮ್ಮ ಜಗಲಿ, ಹತ್ತು ನಿಮಿಷದ ಕಷಾಯ. ನಿಜ ಹೇಳ್ಬೇಕು ಅಂದ್ರೆ ಮಳೆ ಪುಸ್ತಕ ಬಿಟ್ರೆ ನನ್ನನ್ನ ಅತಿ ಹೆಚ್ಚು ಹಿಡಿದು ನಿಲ್ಸಿದ್ದು ಈ ಜಗಲಿ. ಒಂದಿನ ನಾನು ಹೋಗದಿದ್ರೆ ಅವ್ರು ಬಂದು “ಎಂತ ಮಾರಾಯ್ತಿ, ಹುಷಾರಿಲ್ವಾ” ಅಂತ ಬಾಗಿಲಲ್ಲಿ ನಿಲ್ತಾರೆ. ನಾನಿಲ್ಲದಿದ್ದದ್ದು ಯಾರಿಗಾದ್ರೂ ಅದೇ ದಿನ ಗೊತ್ತಾಗತ್ತೆ ಅನ್ನೋದು ಸಣ್ಣ ವಿಷಯ ಅಲ್ಲ.

ಇದೆಲ್ಲ ಸುಮ್ನೆ ಚೆನ್ನಾಗಿರೋ ದಿನಕ್ಕೆ ಮಾತ್ರನಾ ಅಂತ ನೋಡೋ ಹಾಗೆ 2022 ಬಂತು. ಎಲೆಚುಕ್ಕಿ. ಕೊಳೆ ಕಾಯಿಗೆ ಬಂದ್ರೆ ಇದು ಸೋಗೆಗೆ ಬರೋದು, ಮೊದ್ಲು ಹಳದಿ ಅಂಚಿನ ಕಂದು ಚುಕ್ಕೆ, ಆಮೇಲೆ ಚುಕ್ಕೆ ಚುಕ್ಕೆ ಕೂಡಿ ಇಡೀ ಸೋಗೆ ಒಣಗಿ ಜೋತುಬೀಳತ್ತೆ. ಕೊಳೆ ಬಂದ್ರೆ ಒಂದು ವರ್ಷದ ಬೆಳೆ ಹೋಗತ್ತೆ, ಇದು ಮರವನ್ನೇ ಹಿಡಿಯತ್ತೆ. ನಮ್ಮ ತಾಲೂಕು, ಹೊಸನಗರ, ಶೃಂಗೇರಿ, ಕೊಪ್ಪ ಎಲ್ಲ ಕಡೆ ತೋಟ ದೂರದಿಂದ ನೋಡಿದ್ರೆ ಬೆಂಕಿ ತಾಗಿದ ಹಾಗೆ ಕಾಣ್ತಿತ್ತು. ನಮ್ಮ ಮೇಲಿನ ತಳಿ ಹೋಯ್ತು. ನಾನು ಅತ್ತುಬಿಟ್ಟೆ, ಊಟ ಬಿಟ್ಟೆ, ಎರಡು ದಿನ ಹಾಸಿಗೆ ಬಿಟ್ಟು ಏಳ್ಲಿಲ್ಲ. ಮೂರನೇ ದಿನ ಅಂಗಳಕ್ಕೆ ಹೋಗಿ ‘3 ದಿನದ್ದು, 140’ ಅಂತ ಬರೆದೆ. 2020ರಲ್ಲಿ ಹೀಗೆ ಬಿದ್ದಿದ್ದವಳು ಏಳೋಕೆ ಎಂಟು ತಿಂಗಳು ಬೇಕಾಯ್ತು, ಈ ಸಲ ಮೂರು ದಿನ. ಬೀಳೋದೇ ಇಲ್ಲ ಅಂತೇನೂ ಆಗಿಲ್ಲ ನನಗೆ, ಆಗೋದೂ ಇಲ್ಲ. ಎದ್ದು ಎಲ್ಲಿಗೆ ಹೋಗ್ಬೇಕು ಅನ್ನೋದು ಕಾಲಿಗೆ ಗೊತ್ತಿತ್ತು, ಅಷ್ಟು ವ್ಯತ್ಯಾಸ. ಆಮೇಲೆ ರೋಗದ ಸೋಗೆ ಕಡಿಸಿ ಸುಟ್ವಿ, ಔಷಧಿ ಹೊಡೆಸಿದ್ವಿ, ಮಧ್ಯೆ ಕಾಳುಮೆಣಸು ಜಾಸ್ತಿ ಹಾಕಿದ್ವಿ, ಮೇಲಿನ ತಳಿ ಪೂರ್ತಿ ಸುಧಾರಿಸಿಲ್ಲ ಇನ್ನೂ.

2024ರ ಜುಲೈ ಮಳೆ ನೆನಪಿರಬಹುದು, ಘಾಟಿ ರಸ್ತೆ ಎಲ್ಲ ಕುಸಿದ ಮಳೆ. ಒಂದು ರಾತ್ರಿ ಮಲಗಿದಲ್ಲಿಂದಲೇ ಇದು ಇನ್ನೂರರ ಹತ್ರ ಅಂದ್ಕೊಂಡೆ, ಬೆಳಿಗ್ಗೆ 186. ಒಂದು ಮಿ.ಮೀ. ಮಳೆ ಅಂದ್ರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು, ಒಂದು ಎಕರೆಗೆ ನಾಲ್ಕು ಸಾವಿರ ಲೀಟರ್ ಮೇಲೆ, ನಮ್ಮ ಎರಡೂಕಾಲು ಎಕರೆಗೆ ಆ ಒಂದು ದಿನ ಬಿದ್ದಿದ್ದು ಹದಿನಾರು ಲಕ್ಷ ತೊಂಬತ್ತು ಸಾವಿರ ಲೀಟರಿಗೂ ಜಾಸ್ತಿ. ಲೆಕ್ಕ ಹಾಕಿ ನಮ್ಮನೆಯವ್ರಿಗೆ ಹೇಳ್ದೆ, ಇಬ್ರೂ ಗುದ್ದಲಿ ತಗೊಂಡು ಬಸಿಗಾಲುವೆ ಬಿಡಿಸೋಕೆ ಹೋದ್ವಿ. ಎದೆ ಹೊಡ್ಕೊಳ್ಳಲಿಲ್ಲ ಅಂತ ಗೊತ್ತಾಗಿದ್ದು ಸಂಜೆ ಕಷಾಯ ಕುಡೀವಾಗ.

ಬೆಂಗಳೂರಲ್ಲಿರೋ ನನ್ನ ತಂಗಿ ಕೇಳಿದ್ಲು, ನಿಂಗೆ ತೋಟ ಇದೆ, ಅಂಗಳ ಇದೆ, ನಾನು ಅಪಾರ್ಟ್‌ಮೆಂಟಲ್ಲಿ ಎಂತ ಮಾಡ್ಲಿ ಅಂತ. ಅವ್ಳು ಟೆರೇಸಲ್ಲಿ ಒಂದು ಡಬ್ಬ ಇಟ್ಟಿದಾಳೆ ಈಗ. ಬಾಲ್ಕನಿ ಆಗಲ್ಲ, ಮೇಲೆ ಚಪ್ಪರ ಇರತ್ತಲ್ಲ. ಸಣ್ಣ ಮಳೆ ಡಬ್ಬದಲ್ಲಿ ಕಾಣ್ಸಲ್ಲ ಅಂದ್ಲು, ಅದಕ್ಕೆ ಹತ್ತು ಸೆಂಟಿಮೀಟರ್ ಬಾಯಿಯ ಲಾಳಿಕೆಯನ್ನ ಐದು ಸೆಂಟಿಮೀಟರ್ ಅಗಲದ ನೆಟ್ಟಗಿರೋ ಬಾಟ್ಲಿಗೆ ಕೂರಿಸೋಕೆ ಹೇಳಿದೀನಿ, ಆಗ ಬಾಟ್ಲಿಯಲ್ಲಿ ನಾಲ್ಕು ಮಿ.ಮೀ. ನಿಂತ್ರೆ ಒಂದು ಮಿ.ಮೀ. ಮಳೆ. ಮಳೆಯೇ ಆಗ್ಬೇಕು ಅಂತೇನೂ ಇಲ್ಲ, ನನ್ನ ತಮ್ಮನ ಮಗಳು ಕಿಟಕಿಯಿಂದ ಕಾಣೋ ಒಂದು ಹೊಂಗೆ ಮರ ನೋಡಿ ದಿನಾ ಒಂದು ಸಾಲು ಬರೀತಾಳೆ. ಎರಡು ನಿಮಿಷದೊಳಗೆ ಮುಗೀಬೇಕು, ಮನೆಯ ಹೊರಗಿನ ಏನನ್ನೋ ನೋಡ್ಬೇಕು, ಚೆನ್ನಾಗಿತ್ತಾ ಕೆಟ್ಟದಿತ್ತಾ ಅಂತ ಬರೀಬಾರ್ದು, ಎಷ್ಟು ಏನು ಅಂತ ಮಾತ್ರ ಬರೀಬೇಕು, ಇಷ್ಟು ನಾನು ನನ್ನ ಅನುಭವದಿಂದ ಹೇಳಬಲ್ಲೆ. ಮತ್ತೆ ಯಾರಿಗಾದ್ರೂ ಎರಡು ವಾರಕ್ಕೂ ಮೀರಿ ನಿದ್ದೆ ಊಟ ಬಿಟ್ಟುಹೋಗಿದ್ರೆ, ಬದುಕೇ ಬೇಡ ಅನ್ನಿಸ್ತಿದ್ರೆ, ಪುಸ್ತಕ ಡಬ್ಬ ಎಲ್ಲ ಆಮೇಲೆ ನೋಡಿ, ಮೊದ್ಲು ಡಾಕ್ಟ್ರ ಹತ್ರ ಹೋಗಿ. 2022ರ ಅಕ್ಟೋಬರಿಂದ ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416, ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ನನ್ನ ಕಾಲಕ್ಕೆ ಇದು ಇರ್ಲಿಲ್ಲ, ಇದ್ದಿದ್ರೆ ಮೂರು ಗಂಟೆ ರಾತ್ರಿಗೆ ಖಂಡಿತ ಮಾಡ್ತಿದ್ದೆ. ಮಾತ್ರೆ ಶುರು ಮಾಡಿದ್ರೆ ಹುಷಾರಾಯ್ತು ಅಂತ ನೀವಾಗೇ ನಿಲ್ಲಿಸ್ಬೇಡಿ, ನಾನು ಐದನೇ ತಿಂಗಳಲ್ಲಿ ಹಾಗೆ ಮಾಡಿ ಮತ್ತೆ ಹಿಂದಕ್ಕೆ ಹೋಗಿದ್ದೆ.

ಅತ್ತೆಗೆ ಈಗ ಎಂಬತ್ತಮೂರು. ಕಣ್ಣು ಅಷ್ಟು ಕಾಣ್ಸಲ್ಲ, ಜಗಲಿಯಲ್ಲಿ ಕೂತಿರ್ತಾರೆ. ಮಾವ ಇದ್ದಾಗ ಅವ್ರು ಮಳೆ ಅಳೆದು ಒಳಗೆ ಬರುವಾಗ ಅತ್ತೆ ದಿನಾ ಕೇಳ್ತಿದ್ರಂತೆ, ಎಷ್ಟು ಬಂತು ಅಂತ. ನಾನು ಶುರು ಮಾಡಿದ ಮೊದಲ ವರ್ಷ ಅವ್ರು ಏನೂ ಕೇಳ್ಲಿಲ್ಲ, ನಾನು ಹೋಗೋದು ಬರೋದು ನೋಡ್ತಾ ಸುಮ್ನಿರ್ತಿದ್ರು. ಎರಡನೇ ವರ್ಷ ಪುನರ್ವಸು ಮಳೆಯಲ್ಲಿ ಒಂದಿನ ನಾನು ಸ್ಕೇಲ್ ಒರೆಸ್ಕೊಂಡು ಒಳಗೆ ಬರ್ತಿದ್ದಾಗ ಕೇಳಿದ್ರು, “ಎಷ್ಟು ಬಂತೇ?” ಮೂವತ್ನಾಲ್ಕು ಅತ್ತೆ, ಅಂದೆ. “ಹೂಂ, ರಾತ್ರಿ ಕೇಳಿದ್ರೆ ಐವತ್ತು ಅನ್ನಿಸ್ತು ನಂಗೆ” ಅಂದ್ರು. ಅವ್ರಿಗೂ ಮೂರು ಗಂಟೆಗೆ ಎಚ್ಚರ ಆಗ್ತಿತ್ತು ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಈಗ ಪುಸ್ತಕದಲ್ಲಿ ಮೂರು ಗೆರೆ ಹಾಕಿದೀನಿ, ಅತ್ತೆ ಅಂದಾಜು, ನನ್ನ ಅಂದಾಜು, ಆಮೇಲೆ ಆಗಿದ್ದು. ಹೋದ ವರ್ಷದ ಲೆಕ್ಕ ನೋಡಿದ್ರೆ ಅತ್ತೆಯದ್ದೇ ಹೆಚ್ಚು ಸಲ ಹತ್ತಿರ ಬಂದಿದೆ.